ಕೆ. ವೆಂಕಟಪ್ಪ: ಊಟಿಯ ನಿಸರ್ಗಚಿತ್ರಗಳಲ್ಲಿ ಭಾವ ಮತ್ತು ಸಂಕೇತ

ಕೆ. ವೆಂಕಟಪ್ಪನವರು (1886–1965) ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತೆಗೆ ತೆರಳಿ, ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಪುರಾಣಪ್ರಸಂಗಗಳನ್ನು ಚಿತ್ರಿಸಿದರು. ಅಲ್ಲಿ ಭಾವಕ್ಕೆ ಕಥೆಯ ಆಸರೆಯಿತ್ತು. 1916ರಲ್ಲಿ ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸವನ್ನೂ ಕೈಗೊಂಡರು.

1920ರ ದಶಕದ ಊಟಿಯ ಜಲವರ್ಣಚಿತ್ರಗಳಲ್ಲಿ ಕಥೆಯ ಆಸರೆ ಕಳಚುತ್ತದೆ. ಗಿರಿ, ಮರಗಳು, ಮಂಜು, ಮೋಡ, ಬೆಳದಿಂಗಳುಗಳೇ ಅಲ್ಲಿನ ವಸ್ತು. ಒಂದೇ ಪರಿಸರವನ್ನು ಬೇರೆ ಬೇರೆ ಹೊತ್ತಿನಲ್ಲಿ ಕಂಡು ಬರೆದುದರಿಂದ ಬೆಳಕಿನ ವ್ಯತ್ಯಾಸವೇ ಭಾವವ್ಯತ್ಯಾಸವಾಗಿದೆ. ಅವರ ಬ್ರಹ್ಮಚರ್ಯ, ಏಕಾಂತಪ್ರಿಯತೆಗಳನ್ನು ಬಲ್ಲವರಿಗೆ ಆ ಮಂಜು ವೈರಾಗ್ಯದ ಸಂಕೇತವಾಗಿ ತೋರುವುದು ಸಹಜ. ಆದರೆ ಸಂಕೇತ ಅಗತ್ಯವೆನಿಸಿದಲ್ಲಿ ಅವರು ಅದನ್ನು ನೇರವಾಗಿಯೇ ಬಳಸಿದ್ದಾರೆ. ಚಿತ್ರಕಲೆಯನ್ನು ಬದಿಗಿರಿಸಿ ಸಂಗೀತಕ್ಕೆ ಒಲಿದ ತಮ್ಮ ಸ್ಥಿತಿಯನ್ನೇ ವಸ್ತುವಾಗಿಸಿಕೊಂಡ ‘ವೀಣೆಯ ಹುಚ್ಚು’ ಚಿತ್ರ ಇದಕ್ಕೆ ನಿದರ್ಶನ.

1940ರಲ್ಲಿ ಆಶ್ರಯದಾತರು ಗತಿಸಿದ ತರುವಾಯ ವೆಂಕಟಪ್ಪನವರು ವ್ಯಾಜ್ಯದಲ್ಲಿ ನೊಂದು, ಮೈಸೂರನ್ನು ತೊರೆದು ಬೆಂಗಳೂರಿನಲ್ಲಿ ನೆಲೆಸಿದರು. ಆ ನೋವನ್ನು ಅದಕ್ಕೂ ಹಿಂದಿನ ಊಟಿಯ ಚಿತ್ರಗಳಲ್ಲಿ ಅರಸುವುದು ಕಾಲಕ್ರಮಕ್ಕೇ ವಿರುದ್ಧವಾದುದು. ಕಲಾವಿದನ ಬದುಕನ್ನು ಚಿತ್ರದ ಮೇಲೆ ಆರೋಪಿಸದೆ ನೋಡಿದಾಗ, ಅಲ್ಲಿನ ಮರವು ಮರವಾಗಿದ್ದುಕೊಂಡೇ ಭಾವವನ್ನು ಧರಿಸಿರುವುದು ಸ್ಪಷ್ಟವಾಗುತ್ತದೆ.