19ನೆಯವನಾಗಿ ಬಂದ ಬೆಳಗಾವಿಯ ಓಟಗಾರ

1920ರ ಒಲಿಂಪಿಕ್ಸ್ ನಡೆದದ್ದು ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ, ಮೊದಲ ಮಹಾಯುದ್ಧದ ಗಾಯ ಇನ್ನೂ ಮಾಯದಿದ್ದಾಗ. ಸೋತ ಜರ್ಮನಿಗೆ ಆಹ್ವಾನವಿರಲಿಲ್ಲ. ಬ್ರಿಟಿಷರಿಗಾಗಿ ಅದೇ ಬೆಲ್ಜಿಯಂನಲ್ಲಿ ಪ್ರಾಣ ಕೊಟ್ಟಿದ್ದ ಭಾರತೀಯರ ದೇಶ ಮಾತ್ರ ಮೊದಲ ಸಲ ತಂಡ ಕಳಿಸಿತು. ಪುಣೆಯ ಡೆಕ್ಕನ್ ಜಿಮ್ಖಾನಾ ಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು ಕಂಡ ದೊರಾಬ್ಜಿ ಟಾಟಾ ಇದಕ್ಕಾಗಿ ಓಡಾಡಿದರು, ಕೈಯಿಂದ ದುಡ್ಡೂ ಹಾಕಿದರು.

ಹೆಬ್ಬಗೋಡಿಯಲ್ಲಿ ಭಾನುವಾರ ಬೆಳಿಗ್ಗೆ ಶೂ ಕಟ್ಟಿ ಓಡೋ ನನ್ನ ಗೆಳೆಯರಿಗೆ ಟಾಟಾ ಗೊತ್ತು, ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಗೊತ್ತಿಲ್ಲ. ನನಗೆ ಇದು ಸಣ್ಣ ವಿಷಯ ಅನ್ಸಲ್ಲ.

ಆ ಸಲದ ಮ್ಯಾರಥಾನ್ 42.75 ಕಿ.ಮೀ., ಒಲಿಂಪಿಕ್ಸ್‌ನಲ್ಲೇ ಅತಿ ಉದ್ದದ್ದು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್‌ಗಿಂತ 18 ನಿಮಿಷ ಹಿಂದೆ, ಅಷ್ಟೆ! 1924ರ ಪ್ಯಾರಿಸ್ ತಂಡದಲ್ಲಿ ಅವರಿರಲಿಲ್ಲ.