ಸರ್ ರೊನಾಲ್ಡ್ ರಾಸ್: ಬೆಂಗಳೂರಿನ ಪೀಪಾಯಿಯಿಂದ ನೊಬೆಲ್‌ವರೆಗೆ

ಸೊಳ್ಳೆಯೇ ಮಲೇರಿಯಾ ಹರಡುತ್ತದೆಂದು ಜಗತ್ತಿಗೆ ತೋರಿಸಿಕೊಟ್ಟ ಸರ್ ರೊನಾಲ್ಡ್ ರಾಸ್ ಅವರಿಗೆ ಸೊಳ್ಳೆಯ ಮೊದಲ ಪಾಠವಾದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಹೆಚ್ಚಿನವರಿಗೆ ತಿಳಿಯದು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಡಿಲಿನ ಆಲ್ಮೋರಾದಲ್ಲಿ. ತಂದೆ ಸೇನಾಧಿಕಾರಿ. ಮಗನಿಗೆ ಕಾವ್ಯದ ಹುಚ್ಚು. ಆದರೂ ತಂದೆಯ ಇಚ್ಛೆಯಂತೆ ವೈದ್ಯವಿದ್ಯೆ ಕಲಿತು 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿದರು. 1883ರಲ್ಲಿ ಬೆಂಗಳೂರು ದಂಡಿಗೆ ಬಂದಾಗ ಅವರ ಬಂಗಲೆಯ ತುಂಬ ಸೊಳ್ಳೆಗಳ ಕಾಟ. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿಗಳನ್ನು ಕಂಡ ಅವರು ಅದನ್ನು ಮಗುಚಿ ಹಾಕಿದರು, ಕಾಟ ತಗ್ಗಿತು. ಅಧಿಕಾರಿಗಳ ಭೋಜನಶಾಲೆಯಲ್ಲೂ ಹೀಗೆಯೇ ಮಾಡೋಣವೆಂದಾಗ, ಸೃಷ್ಟಿಕ್ರಮವನ್ನು ಕೆಡಿಸಬಾರದೆಂದು ಮೇಲಿನವರು ತಳ್ಳಿಹಾಕಿದರು. ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂದು ಆಗ ರಾಸ್ ಅವರಿಗೂ ಗೊತ್ತಿರಲಿಲ್ಲ.

ಆ ಸಂಶಯವನ್ನು ಅವರಲ್ಲಿ ಬಿತ್ತಿದವರು 1894ರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್. ಮರುವರ್ಷವೇ ಭಾರತಕ್ಕೆ ಮರಳಿದ ರಾಸ್ ಸೊಳ್ಳೆಗಳ ಬೆನ್ನುಹತ್ತಿದರು. ನಡುವೆ ಕಾಲರಾ ತಡೆಯುವ ಕೆಲಸ ಅವರನ್ನು ಮತ್ತೆ ಬೆಂಗಳೂರಿಗೆ ಕರೆತಂದಿತು. 1897ರಲ್ಲಿ ಸಿಕಂದರಾಬಾದಿನ ಸೆಕೆಯಲ್ಲಿ, ಸೊಳ್ಳೆಗಳು ಹಾರಿಹೋದಾವೆಂದು ಪಂಕವನ್ನೂ ಬೀಸಿಸಿಕೊಳ್ಳದೆ, ಬೆವರಿಗೆ ತುಕ್ಕು ಹಿಡಿದ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಹುಸೇನ್ ಖಾನ್ ಎಂಬ ಬಡ ರೋಗಿ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಕಚ್ಚಿಸಿಕೊಂಡ. ಆಗಸ್ಟ್ 20ರಂದು ಅಂಥ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿ ಕಾಣಿಸಿತು. 1898ರಲ್ಲಿ ಕಲ್ಕತ್ತದಲ್ಲಿ, ಹಕ್ಕಿಗಳ ಮಲೇರಿಯಾ ಸೊಳ್ಳೆಯ ಜೊಲ್ಲಿನ ಮೂಲಕ ಆರೋಗ್ಯವಂತ ಗುಬ್ಬಚ್ಚಿಗಳಿಗೆ ದಾಟುವುದನ್ನು ಅವರು ಸಿದ್ಧಪಡಿಸಿದರು. ಅದೇ ವರ್ಷ ಇಟಲಿಯ ಗ್ರಾಸಿ ಮತ್ತು ಸಂಗಡಿಗರು, ಮನುಷ್ಯರಿಗೆ ಮಲೇರಿಯಾ ತರುವುದು ಅನಾಫಿಲಿಸ್ ಸೊಳ್ಳೆಯೆಂದು ತೋರಿಸಿದರು. ಕೀರ್ತಿ ಯಾರದೆಂಬ ಜಗಳ ವರ್ಷಗಟ್ಟಲೆ ನಡೆಯಿತು. 1902ರ ನೊಬೆಲ್ ಪ್ರಶಸ್ತಿ ರಾಸ್ ಒಬ್ಬರಿಗೇ ಬಂತು. ಕಚ್ಚಿಸಿಕೊಂಡ ಹುಸೇನ್ ಖಾನನ ಮುಂದಿನ ಕಥೆಯನ್ನು ಯಾರೂ ಕೇಳಲಿಲ್ಲ. 1932ರ ಸೆಪ್ಟೆಂಬರ್ 16ರಂದು ರಾಸ್ ಲಂಡನ್ನಿನಲ್ಲಿ ತೀರಿಕೊಂಡರು.

ಇದು ಹಳೆಯ ಕಥೆಯಷ್ಟೇ ಅಲ್ಲ. 2002ರಲ್ಲಿ ವೆಸ್ಟ್ ನೈಲ್ ರೋಗ ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಜನರನ್ನು ಕಾಡಿದ್ದು ನಮ್ಮ ಶಿಕಾಗೊ ಇರುವ ಇಲಿನಾಯ್ಸ್‌ನಲ್ಲಿ: 884 ಮಂದಿ. ಎರಡನೆಯದು ಡೆಟ್ರಾಯಿಟ್ ಇರುವ ಮಿಷಿಗನ್: 614. ಇಲ್ಲಿಯೂ ರೋಗಾಣು ಬೆಳೆಯುವುದು ಹಕ್ಕಿಗಳಲ್ಲಿ. ಅವುಗಳ ರಕ್ತ ಹೀರಿದ ಕ್ಯೂಲೆಕ್ಸ್ ಸೊಳ್ಳೆಯೇ ಅದನ್ನು ನಮಗೆ ತರುವುದು. ಹಕ್ಕಿಗಳನ್ನು ತಡೆಯಲಾರೆವು. ಆದರೆ ಹಿತ್ತಲಿನ ಬಕೆಟ್, ಹೂಕುಂಡದ ತಟ್ಟೆ, ಎಲೆ ತುಂಬಿದ ಗಟರ್ ಇವುಗಳ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲುವುದು ನಮ್ಮ ಕೈಯಲ್ಲೇ ಇದೆ. ಮೇಲಿನವರ ಅಪ್ಪಣೆಗೆ ಕಾಯಬೇಕಾಗಿಲ್ಲ.