ಫಿನ್ಲೆಂಡಿನ ವೃದ್ಧ ಸೇನಾನಿ ಮ್ಯಾನರ್‌ಹೈಮ್

ಯುರೋಪಿನ ಉತ್ತರದ ಅಂಚಿನಲ್ಲಿ, ಸರೋವರಗಳೂ ದಟ್ಟವಾದ ಕಾಡುಗಳೂ ತುಂಬಿದ ಫಿನ್ಲೆಂಡ್ ಎಂಬ ದೇಶವಿದೆ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 37 ಲಕ್ಷ. ನೆರೆಯ ಸೋವಿಯತ್ ಒಕ್ಕೂಟದ್ದಾದರೋ ಸುಮಾರು 17 ಕೋಟಿ. ಐದು ವರ್ಷಗಳ ಅವಧಿಯಲ್ಲಿ ಈ ಪುಟ್ಟ ದೇಶವು ಆ ಮಹಾಶಕ್ತಿಯೊಡನೆ ಎರಡು ಬಾರಿ ಸೆಣಸಿತು. ಎರಡು ಬಾರಿಯೂ ನೆಲವನ್ನು ಕಳೆದುಕೊಂಡಿತು. ಆದರೆ ಸ್ವಾತಂತ್ರ್ಯವನ್ನು ಕಳೆದುಕೊಳ್ಳಲಿಲ್ಲ. ಈ ಎರಡೂ ಯುದ್ಧಗಳಲ್ಲಿ ಅದರ ಸೇನೆಯನ್ನು ನಡೆಸಿದವನು ಎಪ್ಪತ್ತು ದಾಟಿದ ಒಬ್ಬ ವೃದ್ಧ. ಆತನೇ ಕಾರ್ಲ್ ಗುಸ್ತಾಫ್ ಎಮಿಲ್ ಮ್ಯಾನರ್‌ಹೈಮ್.

ದಿಕ್ಕಿಲ್ಲದ ಬಾಲಕ

ಮ್ಯಾನರ್‌ಹೈಮನು ಹುಟ್ಟಿದ್ದು 1867ರ ಜೂನ್ 4ರಂದು. ಆಗ ಫಿನ್ಲೆಂಡು ರಷ್ಯದ ಚಕ್ರವರ್ತಿಯ ಅಧೀನದಲ್ಲಿತ್ತು. ಕುಟುಂಬವು ಕುಲೀನವಾದುದು, ಮನೆಮಾತು ಸ್ವೀಡಿಷ್. ಆದರೆ ಹುಡುಗನಿಗೆ ಹದಿಮೂರು ವರ್ಷವಾಗಿದ್ದಾಗ ತಂದೆಯು ದಿವಾಳಿಯೆದ್ದು, ಸಂಸಾರವನ್ನು ತೊರೆದು, ಬೇರೊಬ್ಬ ಸ್ತ್ರೀಯೊಡನೆ ಪ್ಯಾರಿಸಿಗೆ ಹೊರಟುಹೋದನು. ಮರುವರ್ಷವೇ ತಾಯಿ ತೀರಿಕೊಂಡಳು. ಏಳು ಮಂದಿ ಮಕ್ಕಳು ಬಂಧುಗಳ ಮನೆಗಳಿಗೆ ಹಂಚಿಹೋದರು. ಗುಸ್ತಾಫನ ಹೊಣೆ ಸೋದರಮಾವನ ಪಾಲಿಗೆ ಬಂದಿತು. ಹೆಚ್ಚು ಖರ್ಚಿಲ್ಲದೆ ಓದಿಸಬೇಕೆಂದು ಮಾವನು ಅವನನ್ನು ಹಾಮಿನಾ ಎಂಬ ಊರಿನ ಸೈನಿಕ ಶಾಲೆಗೆ ಸೇರಿಸಿದನು. ಅಲ್ಲಿ ಅಪ್ಪಣೆಯಿಲ್ಲದೆ ಹೊರಗೆ ಹೋದ ತಪ್ಪಿಗಾಗಿ 1886ರಲ್ಲಿ ಅವನನ್ನು ಹೊರಹಾಕಿದರು. ಅವಮಾನಕ್ಕೊಳಗಾದ ತರುಣನು ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ, ರಷ್ಯನ್ ಭಾಷೆಯನ್ನು ಕಲಿತು, ಅಲ್ಲಿನ ಅಶ್ವದಳದ ಶಾಲೆಯಲ್ಲಿ ಉತ್ತೀರ್ಣನಾದನು.

ಮುಂದೆ ಮೂರು ದಶಕಗಳ ಕಾಲ ಆತನು ಝಾರನ ಸೇವೆಯಲ್ಲಿದ್ದನು. 1904–05ರ ರಷ್ಯ–ಜಪಾನ್ ಯುದ್ಧದಲ್ಲಿ ಕಾದಿ ಕರ್ನಲನಾದನು. 1906ರಿಂದ 1908ರವರೆಗೆ ಮಧ್ಯ ಏಷ್ಯದಿಂದ ಪೆಕಿಂಗಿನವರೆಗೆ ಕುದುರೆಯ ಮೇಲೆ ಸಾವಿರಾರು ಮೈಲಿ ಸಂಚರಿಸಿದನು. ಹೊರನೋಟಕ್ಕೆ ಅದು ವಿದ್ವಾಂಸನ ಯಾತ್ರೆ. ಒಳಗೆ ರಷ್ಯದ ಸೇನೆಗಾಗಿ ಮಾಡಿದ ಗೂಢಚಾರಿಕೆ. ದಾರಿಯಲ್ಲಿ, ಆಗ ಟಿಬೆಟ್ಟಿನಿಂದ ದೂರವಿದ್ದ ಹದಿಮೂರನೆಯ ದಲಾಯಿ ಲಾಮಾರನ್ನು ಸಂದರ್ಶಿಸಿ, ತನ್ನ ಪಿಸ್ತೂಲನ್ನೇ ಕಾಣಿಕೆಯಾಗಿ ಕೊಟ್ಟನು.

ಸೋದರರ ಯುದ್ಧ

1917ರ ಕ್ರಾಂತಿಯಲ್ಲಿ ಝಾರನ ಸಾಮ್ರಾಜ್ಯವು ಕುಸಿಯಿತು. ಡಿಸೆಂಬರ್ 6ರಂದು ಫಿನ್ಲೆಂಡು ಸ್ವಾತಂತ್ರ್ಯವನ್ನು ಸಾರಿತು. ಐವತ್ತು ವರ್ಷದ ಮ್ಯಾನರ್‌ಹೈಮನು ತಾಯ್ನಾಡಿಗೆ ಮರಳಿದನು. ಮರುತಿಂಗಳೇ ಅಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು: ಒಂದು ಕಡೆ ಕಾರ್ಮಿಕರ ಕೆಂಪು ಪಡೆ, ಇನ್ನೊಂದು ಕಡೆ ಸರ್ಕಾರದ ಬಿಳಿ ಪಡೆ. ಬಿಳಿ ಪಡೆಯ ನಾಯಕನಾಗಿ ಮ್ಯಾನರ್‌ಹೈಮನು ಜಯ ಪಡೆದನು. ಆದರೆ ಆ ಜಯವು ಕಳಂಕರಹಿತವಾಗಿರಲಿಲ್ಲ. ಯುದ್ಧ ಮುಗಿದ ಮೇಲೆ ಸೆರೆಶಿಬಿರಗಳಲ್ಲಿ ಹಸಿವು ರೋಗಗಳಿಂದ ಸುಮಾರು 12,000 ಕೆಂಪು ಕೈದಿಗಳು ಸತ್ತರು. ಬಡ ಕಾರ್ಮಿಕರ ಮನೆಗಳಲ್ಲಿ ಆತನು ಬಹುಕಾಲ ಕಟುಕನೆಂದೇ ಕರೆಯಲ್ಪಟ್ಟನು.

1919ರ ರಾಷ್ಟ್ರಾಧ್ಯಕ್ಷ ಚುನಾವಣೆಯಲ್ಲಿ ಸೋತು ಆತನು ಅಧಿಕಾರದಿಂದ ದೂರ ಸರಿದನು. ಮಕ್ಕಳ ಯೋಗಕ್ಷೇಮಕ್ಕಾಗಿ 1920ರಲ್ಲಿ ಒಂದು ಸಂಘವನ್ನು ಸ್ಥಾಪಿಸಿದನು. ರೆಡ್‌ಕ್ರಾಸ್ ಸಂಸ್ಥೆಯ ಅಧ್ಯಕ್ಷನಾದನು. ನಮ್ಮ ಭಾರತಕ್ಕೂ ಬಂದು ಹುಲಿಯ ಬೇಟೆಯಾಡಿದನು. 1931ರಲ್ಲಿ ಸರ್ಕಾರವು ಆತನನ್ನು ಮತ್ತೆ ಕರೆದು ರಕ್ಷಣಾ ಮಂಡಳಿಯ ಅಧ್ಯಕ್ಷನನ್ನಾಗಿ ಮಾಡಿತು. 1933ರಲ್ಲಿ ಮಾಡಿದ ಒಂದು ಭಾಷಣದಲ್ಲಿ ಆತನು, ಹದಿನೈದು ವರ್ಷಗಳ ಹಿಂದೆ ಯಾರು ಯಾವ ಪಕ್ಷದಲ್ಲಿದ್ದರೆಂದು ಇನ್ನು ಕೇಳಬೇಕಾಗಿಲ್ಲವೆಂಬ ಅರ್ಥದ ಮಾತನ್ನಾಡಿದನು. ಗಾಯವು ಒಂದು ಭಾಷಣದಿಂದ ಮಾಯಲಿಲ್ಲ. ಆದರೂ ಆ ಮಾತಿನ ಬೆಲೆ ಆರು ವರ್ಷಗಳ ಮೇಲೆ ತಿಳಿದುಬಂದಿತು.

ಹಿಮದ ನಡುವೆ 105 ದಿನ

1939ರ ಶರತ್ಕಾಲದಲ್ಲಿ ಸ್ಟಾಲಿನನು ಲೆನಿನ್‌ಗ್ರಾಡಿನ ರಕ್ಷಣೆಗೆಂದು ಫಿನ್ಲೆಂಡಿನ ನೆಲದ ಕೆಲವು ಭಾಗಗಳನ್ನು ಕೇಳಿದನು. ಸ್ವಲ್ಪವನ್ನಾದರೂ ಕೊಟ್ಟು ಯುದ್ಧವನ್ನು ತಪ್ಪಿಸುವುದು ಲೇಸೆಂದು ಸಲಹೆಯಿತ್ತವನು ಸೇನಾಪತಿಯಾದ ಮ್ಯಾನರ್‌ಹೈಮನೇ. ತನ್ನ ಸೈನ್ಯದಲ್ಲಿ ಸಾಕಷ್ಟು ಟ್ಯಾಂಕುಗಳಿಲ್ಲ, ಸಾಕಷ್ಟು ಗುಂಡುಗಳ ಸಂಗ್ರಹವಿಲ್ಲ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಸರ್ಕಾರವು ಒಪ್ಪಲಿಲ್ಲ. ಆತನು ರಾಜೀನಾಮೆಯನ್ನೂ ಬರೆದುಕೊಟ್ಟನು. ಅಷ್ಟರಲ್ಲಿ ನವೆಂಬರ್ 30ರಂದು ಹೆಲ್ಸಿಂಕಿಯ ಮೇಲೆ ಬಾಂಬುಗಳು ಬಿದ್ದವು. ಎಪ್ಪತ್ತೆರಡರ ವೃದ್ಧನು ರಾಜೀನಾಮೆಯನ್ನು ಹಿಂತೆಗೆದುಕೊಂಡು ಸೇನಾಧಿಪತ್ಯವನ್ನು ವಹಿಸಿದನು. ಕಟುಕನೆಂದು ಅವನನ್ನು ಶಪಿಸಿದ್ದವರ ಮಕ್ಕಳೇ ಈಗ ಅವನ ಆಜ್ಞೆಯಂತೆ ಗಡಿಗೆ ನಡೆದರು.

ಹಿಮದಲ್ಲಿ ಬಿಳಿಯ ಉಡುಪು ತೊಟ್ಟು ಸ್ಕೀಗಳ ಮೇಲೆ ಜಾರುತ್ತ ಬಂದ ಫಿನ್ನಿಷ್ ಸೈನಿಕರು, ಒಂದೇ ರಸ್ತೆಯಲ್ಲಿ ಸಾಲಾಗಿ ಸಿಕ್ಕಿಕೊಂಡಿದ್ದ ಸೋವಿಯತ್ ದಳಗಳನ್ನು ತುಂಡುತುಂಡಾಗಿ ಕತ್ತರಿಸಿ ಸುತ್ತುಗಟ್ಟಿದರು. ಸುಓಮುಸ್ಸಲ್ಮಿ, ರಾತೆ ರಸ್ತೆಗಳಲ್ಲಿ ದೊಡ್ಡ ಡಿವಿಜನ್ನುಗಳೇ ನಾಶವಾದವು. ಆದರೆ ಫೆಬ್ರವರಿಯಲ್ಲಿ ಕರೇಲಿಯಾ ಭೂಸಂಧಿಯ ಮೇಲೆ ಫಿರಂಗಿಗಳ ಮಳೆಯೇ ಸುರಿಯಿತು. ಮ್ಯಾನರ್‌ಹೈಮ್ ರೇಖೆಯೆಂದು ಹೆಸರಾದ ರಕ್ಷಣಾ ಸಾಲು ಒಡೆಯಿತು. ಸೈನ್ಯವು ಪೂರ್ತಿ ಮುರಿಯುವ ಮೊದಲೇ ಸಂಧಿ ಮಾಡಿಕೊಳ್ಳಿರೆಂದು ಆತನು ಸರ್ಕಾರಕ್ಕೆ ತಿಳಿಸಿದನು. 1940ರ ಮಾರ್ಚ್ 13ರಂದು ಯುದ್ಧವು ನಿಂತಿತು. ಸುಮಾರು 25,000 ಮಂದಿ ಫಿನ್ನರು ಮಡಿದಿದ್ದರು. ವೀಪುರಿ ನಗರವೂ ಸೇರಿ ದೇಶದ ಹತ್ತನೆಯ ಒಂದು ಪಾಲು ಕೈಬಿಟ್ಟಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಕರೇಲಿಯಾದ ಜನರು ಮನೆ ಮಠ ತೊರೆದು ಬಂದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವನಿಗೆ ಎಂದಾದರೂ ಮರಳುವೆನೆಂಬ ಆಸೆಯುಂಟು. ಅವರಿಗೆ ಅದೂ ಉಳಿಯಲಿಲ್ಲ.

1944ರ ಬೇಸಗೆ

ಕಳೆದ ನೆಲವನ್ನು ಮರಳಿ ಪಡೆಯುವ ಹಂಬಲದಿಂದ 1941ರ ಜೂನಿನಲ್ಲಿ ಫಿನ್ಲೆಂಡು ಹಿಟ್ಲರನ ಜರ್ಮನಿಯ ಜೊತೆಗೂಡಿ ಮತ್ತೆ ಯುದ್ಧಕ್ಕಿಳಿಯಿತು. ಹಳೆಯ ಗಡಿಯನ್ನೂ ದಾಟಿ ಪೂರ್ವ ಕರೇಲಿಯಾವನ್ನು ಆಕ್ರಮಿಸಿತು. ಹಸಿವಿನಿಂದ ಲಕ್ಷಾಂತರ ಜನ ಸಾಯುತ್ತಿದ್ದ ಲೆನಿನ್‌ಗ್ರಾಡಿನ ಉತ್ತರ ದಿಕ್ಕಿನಲ್ಲಿ ನಿಂತಿದ್ದುದು ಮ್ಯಾನರ್‌ಹೈಮನ ಸೈನ್ಯವೇ. ನಗರದ ಮೇಲೆ ನೇರ ದಾಳಿಗೆ ಆತನು ಒಪ್ಪಲಿಲ್ಲವೆಂಬುದು ನಿಜ. ಆ ಮುತ್ತಿಗೆಯ ಒಂದು ಭಾಗ ಆತನ ಕೈಯಲ್ಲಿತ್ತೆಂಬುದೂ ನಿಜ.

1944ರ ಜೂನ್ 10ರಂದು ಸೋವಿಯತ್ ಸೇನೆಯು ಭೂಸಂಧಿಯ ಮೇಲೆ ಭಾರಿ ಆಕ್ರಮಣವನ್ನು ಆರಂಭಿಸಿತು. ಮ್ಯಾನರ್‌ಹೈಮನು ಇಷ್ಟು ಬೇಗ ಇದನ್ನು ನಿರೀಕ್ಷಿಸಿರಲಿಲ್ಲ. ಸೈನ್ಯದ ದೊಡ್ಡ ಭಾಗವು ದೂರದ ಪೂರ್ವ ಕರೇಲಿಯಾದಲ್ಲಿತ್ತು; ಅನೇಕ ಸೈನಿಕರು ಹೊಲದ ಕೆಲಸಕ್ಕೆಂದು ರಜೆಯ ಮೇಲೆ ಹೋಗಿದ್ದರು. ಮೊದಲ ರಕ್ಷಣಾ ಸಾಲು ಒಂದೇ ದಿನದಲ್ಲಿ, ಎರಡನೆಯದು ವಾರದೊಳಗೆ ಒಡೆಯಿತು. ಜೂನ್ 20ರಂದು ವೀಪುರಿಯು ಹೆಚ್ಚಿನ ಹೋರಾಟವಿಲ್ಲದೆ ಬಿದ್ದಿತು. ಹೆಲ್ಸಿಂಕಿಯ ದಾರಿ ತೆರೆಯಿತೆಂದೇ ಜನರು ನಡುಗಿದರು.

ಆತನು ತಪ್ಪನ್ನು ತಿದ್ದಿಕೊಳ್ಳಲು ತಡಮಾಡಲಿಲ್ಲ. ಪೂರ್ವ ಕರೇಲಿಯಾವನ್ನು ಬಿಟ್ಟುಕೊಟ್ಟು ಡಿವಿಜನ್ನುಗಳನ್ನು ಭೂಸಂಧಿಗೆ ಸಾಗಿಸಿದನು. ಜರ್ಮನಿಯಿಂದ ಟ್ಯಾಂಕುಗಳನ್ನು ಭೇದಿಸುವ ಹೊಸ ಆಯುಧಗಳನ್ನೂ ವಿಮಾನಗಳನ್ನೂ ತರಿಸಿದನು. ಇದಕ್ಕೆ ಬೆಲೆಯಾಗಿ, ಪ್ರತ್ಯೇಕ ಸಂಧಿ ಮಾಡಿಕೊಳ್ಳುವುದಿಲ್ಲವೆಂದು ರಾಷ್ಟ್ರಾಧ್ಯಕ್ಷ ರ್ಯುತಿಯು ತನ್ನ ಸ್ವಂತ ಹೆಸರಿನಲ್ಲಿ ಹಿಟ್ಲರನಿಗೆ ಬರೆದುಕೊಟ್ಟನು.

ಜೂನ್ 25ರಿಂದ ಜುಲೈ 9ರವರೆಗೆ ವೀಪುರಿಯ ಈಶಾನ್ಯಕ್ಕಿರುವ ತಾಲಿ, ಇಹಂತಾಲಾ ಎಂಬ ಹಳ್ಳಿಗಳ ಸುತ್ತ ನಡೆದುದು ಉತ್ತರ ಯುರೋಪಿನ ಆ ನಾಡುಗಳು ಕಂಡ ಅತಿ ದೊಡ್ಡ ಕಾಳಗ. ಸುಮಾರು 50,000 ಫಿನ್ನರ ಎದುರಿಗೆ ಅದರ ಮೂರರಷ್ಟು ಸೋವಿಯತ್ ಸೈನಿಕರಿದ್ದರು. ಫಿನ್ನರ ಬಲವಿದ್ದುದು ಜನರಲ್ ನೆನೋನೆನನು ವರ್ಷಗಟ್ಟಲೆ ತಿದ್ದಿ ಬೆಳೆಸಿದ ಫಿರಂಗಿದಳದಲ್ಲಿ. ಮುಂದೆ ನಿಂತ ಒಬ್ಬನೇ ವೀಕ್ಷಕನು ಗುರಿಯನ್ನು ತಿಳಿಸಿದರೆ ಸಾಕು; ಬೇರೆ ಬೇರೆ ಕಡೆಯಿದ್ದ ಫಿರಂಗಿಗಳೆಲ್ಲ ಕೆಲವೇ ನಿಮಿಷಗಳಲ್ಲಿ ಆ ಒಂದೇ ಸ್ಥಳಕ್ಕೆ ಗುಂಡು ಸುರಿಸುತ್ತಿದ್ದವು. ಜುಲೈ ಮೊದಲ ವಾರದಲ್ಲಿ, ಸೋವಿಯತ್ ದಳಗಳ ರೇಡಿಯೋ ಸಂದೇಶವನ್ನು ಕದ್ದು ಕೇಳಿ, ಅವು ದಾಳಿಗೆಂದು ಒಟ್ಟುಗೂಡುತ್ತಿದ್ದಾಗಲೇ ಫಿರಂಗಿ ವಿಮಾನಗಳಿಂದ ಹೊಡೆದು ಚದುರಿಸಿದರು. ದಾಳಿಯು ಅಲ್ಲಿಗೆ ನಿಂತಿತು. ಫಿನ್ನರ ಕಡೆಯಲ್ಲಿಯೂ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 8,000ಕ್ಕೂ ಹೆಚ್ಚು. ಬಳಿಕ ವೂಓಸಲ್ಮಿಯಲ್ಲಿಯೂ ಇಲೊಮಾಂತ್ಸಿಯಲ್ಲಿಯೂ ಆಕ್ರಮಣವು ತಡೆಯಲ್ಪಟ್ಟಿತು. ಸ್ಟಾಲಿನನಿಗೆ ಬರ್ಲಿನ್ನಿನ ದಾರಿಯೇ ಮುಖ್ಯವಾಗಿತ್ತು. ಆತನು ಇಲ್ಲಿಂದ ಸೈನ್ಯವನ್ನು ಹಿಂತೆಗೆಯತೊಡಗಿದನು.

ಗೆದ್ದ ಗಳಿಗೆಯಲ್ಲಿ ಸಂಧಿ

ಇನ್ನೊಬ್ಬ ಸೇನಾಪತಿಯಾಗಿದ್ದರೆ ಈ ಯಶಸ್ಸಿನಿಂದ ಉಬ್ಬಿ ಯುದ್ಧವನ್ನು ಬೆಳೆಸುತ್ತಿದ್ದನೇನೋ. ಮ್ಯಾನರ್‌ಹೈಮನು ಅದನ್ನು ಸಂಧಿಯ ಸಮಯವೆಂದು ಎಣಿಸಿದನು. ಆಗಸ್ಟಿನಲ್ಲಿ ರ್ಯುತಿಯು ರಾಜೀನಾಮೆಯಿತ್ತನು. ಪಾರ್ಲಿಮೆಂಟು ಮ್ಯಾನರ್‌ಹೈಮನನ್ನೇ ರಾಷ್ಟ್ರಾಧ್ಯಕ್ಷನನ್ನಾಗಿ ಮಾಡಿತು. ರ್ಯುತಿಯ ವೈಯಕ್ತಿಕ ವಚನವು ತನ್ನನ್ನು ಕಟ್ಟುವುದಿಲ್ಲವೆಂದು ಆತನು ಜರ್ಮನರಿಗೆ ತಿಳಿಸಿದನು. ಸೆಪ್ಟೆಂಬರ್ 19ರಂದು ಮಾಸ್ಕೋದಲ್ಲಿ ಕದನವಿರಾಮದ ಒಪ್ಪಂದವಾಯಿತು. ಷರತ್ತುಗಳು ಕಠಿನವಾಗಿದ್ದವು: ಕರೇಲಿಯಾ ಮತ್ತೆ ಹೋಯಿತು, ಪೆಟ್ಸಾಮೋ ಹೋಯಿತು, 30 ಕೋಟಿ ಡಾಲರುಗಳ ಯುದ್ಧದಂಡವು ತಲೆಯ ಮೇಲೆ ಬಿದ್ದಿತು. ನಿನ್ನೆಯ ಮಿತ್ರರಾದ ಜರ್ಮನರನ್ನು ಲ್ಯಾಪ್‌ಲೆಂಡಿನಿಂದ ಓಡಿಸಬೇಕಾಯಿತು. ಅವರು ಹಿಂತಿರುಗುತ್ತ ಊರುಗಳನ್ನು ಸುಟ್ಟರು. 1947ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ಫಿನ್ಲೆಂಡಿನೊಡನೆ ಅಂತಿಮ ಸಂಧಿಗೆ ರುಜು ಹಾಕಿದ ರಾಷ್ಟ್ರಗಳಲ್ಲಿ, ಇನ್ನೂ ಸ್ವತಂತ್ರವಾಗಿರದ ಭಾರತವೂ ಒಂದು. ಆ ದಂಡವನ್ನು ಫಿನ್ಲೆಂಡು 1952ರ ಹೊತ್ತಿಗೆ ಪೂರ್ತಿಯಾಗಿ ತೀರಿಸಿತು.

ಯುದ್ಧದ ಹೊಣೆಗಾರರೆಂದು ರ್ಯುತಿ ಮೊದಲಾದವರು ಸೆರೆಮನೆ ಸೇರಿದರು. ಮ್ಯಾನರ್‌ಹೈಮನ ಮೇಲೆ ವಿಚಾರಣೆ ನಡೆಯಲಿಲ್ಲ. ಇದು ನ್ಯಾಯವೇ ಎಂದು ಕೇಳುವವರು ಅಂದೂ ಇದ್ದರು. 1946ರಲ್ಲಿ ಅನಾರೋಗ್ಯದಿಂದ ಪದವಿಯನ್ನು ಬಿಟ್ಟು, ಸ್ವಿಟ್ಜರ್ಲೆಂಡಿನಲ್ಲಿ ಆತ್ಮಕಥೆಯನ್ನು ಬರೆಯುತ್ತ ಕಾಲ ಕಳೆದನು. 1951ರ ಜನವರಿ ಕೊನೆಯಲ್ಲಿ ಲೊಸಾನ್ ನಗರದಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ, ತೀರಿಕೊಂಡನು. ಹೆಲ್ಸಿಂಕಿಯ ಹಿಯೆತನಿಯೆಮಿ ಸ್ಮಶಾನದಲ್ಲಿ, ಯುದ್ಧದಲ್ಲಿ ಮಡಿದ ಸಾಮಾನ್ಯ ಸೈನಿಕರ ಸಾಲುಗಳ ಪಕ್ಕದಲ್ಲಿಯೇ ಆತನನ್ನು ಮಣ್ಣು ಮಾಡಿದರು.

ಮ್ಯಾನರ್‌ಹೈಮನು ದೋಷರಹಿತನಾಗಿರಲಿಲ್ಲ. 1918ರ ಸೆರೆಶಿಬಿರಗಳ ನೆನಪೂ ಲೆನಿನ್‌ಗ್ರಾಡಿನ ನೆನಪೂ ಆತನ ಹೆಸರಿನ ಜೊತೆಗೇ ಇವೆ. ಆದರೆ ತನ್ನ ದೇಶದ ಬಲವೆಷ್ಟೆಂಬುದನ್ನು ಆತನು ಮರೆಯಲಿಲ್ಲ. ಅಭಿಮಾನಕ್ಕಾಗಿ ಕೊನೆಯ ಸೈನಿಕನವರೆಗೆ ಕಾದುವುದಕ್ಕಿಂತ, ಕಾದಿ ನಿಲ್ಲಿಸಿ, ಕೊಡಬೇಕಾದುದನ್ನು ಕೊಟ್ಟು, ಉಳಿದುದನ್ನು ಮಕ್ಕಳ ಪಾಲಿಗೆ ಉಳಿಸುವುದು ಕಷ್ಟತರವಾದ ಕೆಲಸ. ಆ ಕೆಲಸವನ್ನು ಆತನು ಎರಡು ಬಾರಿ ಮಾಡಿದನು.